ಹೂಸ್ಟನ್ನಿನಲ್ಲಿ ಗಂಗವ್ವನ ಹಣೆ

ಹೋದ ಶನಿವಾರ ಹೂಸ್ಟನ್ನಿನಲ್ಲಿ ನಮ್ಮವ್ವ ಇನ್ನೇನು ಅರೆಸ್ಟ್ ಆಗುವುದರಲ್ಲಿದ್ದಳು. ಕಾರಣ, ಒಂದು ಚಿಟಿಕೆ ಕುಂಕುಮ.

ನಗಬೇಡಿ. ಮೊದಲಿನಿಂದ ಹೇಳುತ್ತೇನೆ.

ನಾನು ಚಿಕ್ಕವಳಿದ್ದಾಗ ಹುಬ್ಬಳ್ಳಿಯ ನಮ್ಮ ಮನೆಗೆ ಯಾರೋ ಒಂದು ಫಾರಿನ್ ಕ್ಯಾಲೆಂಡರ್ ಕೊಟ್ಟಿದ್ದರು. ವರ್ಷ ಮುಗಿಯಿತು. ಅಂಥ ಚೆಂದದ ಚಿತ್ರವನ್ನು ಯಾರಾದರೂ ರದ್ದಿಗೆ ಹಾಕುತ್ತಾರೆಯೇ? ಅಪ್ಪ ಕತ್ತರಿಸಿ ಕಟ್ಟು ಹಾಕಿಸಿದ. ಕಿಟಕಿ ಪಕ್ಕ ಕುಳಿತು ಬಟಾಣಿ ಸುಲಿಯುವ, ಬಿಳಿ ಟೊಪ್ಪಿಗೆಯ ಡಚ್ ಹೆಂಗಸು. ದೇವರ ಫೋಟೋಗಳ ಸಾಲಿನಲ್ಲಿ ಒಂದು ಮೊಳೆ ಖಾಲಿ ಇತ್ತು, ಅಲ್ಲೇ ತೂಗುಹಾಕಿದ. ದೇವರಿಗೆಲ್ಲ ಕುಂಕುಮ ಹಚ್ಚುತ್ತ ಬಂದ ಅವ್ವನ ಬೆರಳು ಇವಳೊಬ್ಬಳನ್ನು ಬಿಟ್ಟೀತೇ? “ದುಡಿಯೋ ಹೆಣ್ಮಗಳು, ಬರೇ ಹಣಿಲೆ ಇರಬಾರ್ದು” ಎಂದು ಗಾಜಿನ ಮೇಲೆ ಒಂದು ಬೊಟ್ಟು ಇಟ್ಟಳು. ಹೆಸರೂ ಇಟ್ಟಳು: ಗಂಗವ್ವ.

ಅಪ್ಪ ತೀರಿಕೊಂಡ ಮೇಲೆ ಅವ್ವನ ಹಣೆಯಲ್ಲಿ ವಿಭೂತಿ ಮಾತ್ರ ಉಳಿಯಿತು. ಗಂಗವ್ವನ ಬೊಟ್ಟು ಒಂದು ದಿನವೂ ತಪ್ಪಲಿಲ್ಲ.

ಈಗ ಅವ್ವ ಡಾಲಸ್ ಪಕ್ಕದ ಫ್ರಿಸ್ಕೋದ ನಮ್ಮ ಮನೆಗೆ ಬಂದಿದ್ದಾಳೆ. ಒಂದು ದಿನ ಪೇಪರಿನ ಚಿತ್ರಗಳನ್ನು ನೋಡುತ್ತ ಕುಳಿತವಳು ಒಮ್ಮೆಲೇ ಕೂಗಿದಳು. “ಏ, ನಮ್ಮ ಗಂಗವ್ವ!” ಓಡಿ ಹೋಗಿ ಓದಿದೆ. ಹೂಸ್ಟನ್ನಿನಲ್ಲಿ ಡಚ್ ಚಿತ್ರಗಳ ಹಳೆಯ ಮ್ಯೂಸಿಯಂ ಒಂದು ರಿನೋವೇಟ್ ಆಗಿ ಮತ್ತೆ ತೆರೆದಿದೆಯಂತೆ. ಅಸಲಿ ಗಂಗವ್ವ ಇರುವುದು ಅಲ್ಲೇ ಅಂತೆ.

“ವಾಪಸ್ ಹೋಗೋದ್ರೊಳಗ ಒಮ್ಮೆ ಆಕಿನ್ನ ತೋರಿಸಿಬಿಡು” ಅಂದಳು. ಬಂದಾಗಿನಿಂದ ಇದು ಬೇಕು, ಅದು ಬೇಕು ಎಂದು ಬಾಯಿ ಬಿಡದವಳು! ಇಲ್ಲ ಅನ್ನಲಾದೀತೇ?

ಬುತ್ತಿ ಕಟ್ಟಿಕೊಂಡು, ಮಗಳು ಸ್ನೇಹಾಳನ್ನೂ ಎಬ್ಬಿಸಿಕೊಂಡು ಹೊರಟೆವು. ಮೊದಲು ದೇವಸ್ಥಾನ, ಆಮೇಲೆ ಮ್ಯೂಸಿಯಂ. (ಹೂಸ್ಟನ್ನಿಗೆ ಹೋಗುವ ಡಾಲಸ್ ಕನ್ನಡಿಗರ ರೂಟ್ ಯಾವತ್ತೂ ಇದೇ ತಾನೇ?) ದೇವಸ್ಥಾನದಲ್ಲಿ ಕೊಟ್ಟ ಕುಂಕುಮದ ಪೊಟ್ಟಣವನ್ನು ಅವ್ವ ಸೆರಗಿಗೆ ಗಂಟು ಹಾಕಿಕೊಂಡಳು. “ನನಗಲ್ಲ, ಗಂಗವ್ವಗ” ಅಂದಳು. ತಮಾಷೆ ಅಂದುಕೊಂಡೆ.

ಮ್ಯೂಸಿಯಂನ ಮರದ ನೆಲ ಫಳಫಳ ಹೊಳೆಯುತ್ತಿತ್ತು. ಹೊಸ ಪೇಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. “ಚಪ್ಪಲಿ ಎಲ್ಲಿ ಬಿಡೂದು?” ಎಂದು ಕೇಳಿದ ಅವ್ವನನ್ನು ಹೇಗೋ ಒಳಗೆ ಕರೆದೊಯ್ದೆ. ಮೂಲೆಯ ಕೋಣೆಯಲ್ಲಿದ್ದಳು ಗಂಗವ್ವ. ಅದೇ ಕಿಟಕಿ, ಅದೇ ಬಟಾಣಿ. ಅವ್ವ ಅತ್ತೇಬಿಡುತ್ತಾಳೆ ಅಂದುಕೊಂಡೆ.

“ಅಯ್ಯ, ಹಣಿ ಬರೇ ಐತಲ್ಲ!”

ಸೆರಗಿನ ಗಂಟು ಯಾವಾಗ ಬಿಚ್ಚಿದಳೋ, ಬೆರಳು ಯಾವಾಗ ಅದ್ದಿದಳೋ! ನಾನು ನೋಡುವಷ್ಟರಲ್ಲಿ ಕೈ ಚಿತ್ರದ ಹತ್ತಿರವೇ ಹೋಗಿತ್ತು. “ಮ್ಯಾಮ್! ಮ್ಯಾಮ್!” ಎನ್ನುತ್ತ ಗಾರ್ಡ್ ಓಡಿ ಬಂದ. ನನ್ನ ಗಂಡ (ಮೈಸೂರಿನವರು, ಗಾಬರಿಯಲ್ಲೂ ಮರ್ಯಾದೆ ಬಿಡುವವರಲ್ಲ) “ಅತ್ತೆ, ದಯವಿಟ್ಟು ಮುಟ್ಟಬೇಡಿ” ಎಂದು ಕೈ ಹಿಡಿದುಕೊಂಡರು. ಗಂಗವ್ವ ಉಳಿದಳು. ನಾವೂ ಉಳಿದೆವು.

“ಇಟ್ಸ್ ಎ ಬ್ಲೆಸಿಂಗ್” ಎಂದು ಗಾರ್ಡಿಗೆ ತಿಳಿಸಿ ಹೇಳಿದೆ.

“ನೋ ಬ್ಲೆಸಿಂಗ್ಸ್ ಆನ್ ದ ಪೇಂಟಿಂಗ್ಸ್, ಮ್ಯಾಮ್” ಅಂದ. ಆಮೇಲೆ ಅವ್ವನ ಮುಖ ನೋಡಿ ಪಾಪ ಅನ್ನಿಸಿರಬೇಕು, ಗಿಫ್ಟ್ ಶಾಪ್ ಕಡೆ ಕೈ ತೋರಿಸಿದ. ಅಲ್ಲಿ ಗಂಗವ್ವನ ಪೋಸ್ಟ್‌ಕಾರ್ಡ್ ಸಿಕ್ಕಿತು.

ಮರುದಿನ ಬೆಳಿಗ್ಗೆ ಪೋಸ್ಟ್‌ಕಾರ್ಡ್ ನಮ್ಮ ದೇವರ ಶೆಲ್ಫ್ ಸೇರಿತ್ತು. ಅವ್ವ ಬೊಟ್ಟಿಡುತ್ತಿದ್ದಳು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಸ್ನೇಹಾ ಕೇಳಿದಳು, “ವೈ ನಾಟ್ ಯೂ, ಅಜ್ಜಿ?”

“ನನಗ್ಯಾಕ ಬಿಡವ್ವಾ, ನಿಮ್ಮಜ್ಜ ಇಲ್ಲಲ್ಲ.”

ಸ್ನೇಹಾ ಗಂಗವ್ವನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. “ಬಟ್ ಹರ್ ಹಸ್ಬೆಂಡ್ ಈಸ್ ಡೆಡ್ ಟೂ! ಲೈಕ್, ತ್ರೀ ಹಂಡ್ರೆಡ್ ಇಯರ್ಸ್!”

ಅಂದವಳೇ ಅಜ್ಜಿಯ ಹಣೆಗೆ ಹಚ್ಚಿಯೇಬಿಟ್ಟಳು. ಅವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕಣ್ಣು ಒರೆಸಿಕೊಂಡಳು, ಹಣೆ ಒರೆಸಿಕೊಳ್ಳಲಿಲ್ಲ. ನನಗಾದ ಖುಷಿಯನ್ನು ಏನು ಹೇಳಲಿ!

ಸಂಜೆ ಟೀಗೆ ಬಂದ ಪಕ್ಕದ ಬೀದಿಯ ಆಂಟಿಯೊಬ್ಬರು ಅವ್ವನನ್ನು ನೋಡಿದವರೇ ನನ್ನನ್ನು ಕಿಚನ್ನಿಗೆ ಕರೆದು, “ಇದೇನ್ರೀ ಇದು, ನಿಮ್ಮ ತಾಯಿ ಹಣೇಲಿ?” ಅಂದರು.

ಹೂಸ್ಟನ್ನಿನ ಗಾರ್ಡಿಗಾದರೆ ಸಂಬಳ ಕೊಡುತ್ತಾರೆ, ಇವರಿಗೆ ಡ್ಯೂಟಿ ಹಾಕಿದ್ದು ಯಾರು?