ಬಸ್‌ಸ್ಟ್ಯಾಂಡಿನಲ್ಲಿ ಅತ್ತೆಯ ಹೆಸರು ಕೂಗಿದೆ

ಕಳೆದ ವರ್ಷ ಗೌರಿ ಹಬ್ಬದ ಹಿಂದಿನ ದಿನ. ಹಾರೋಹಳ್ಳಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ನನ್ನ ಕೆಲಸ. ಅಂದು ರಜೆ ಹಾಕಿ, ಮೂರು ವರ್ಷದ ಮಗಳನ್ನು ಕರೆದುಕೊಂಡು, ಕೈಲಾಂಚ ಕಡೆಯ ನಮ್ಮೂರಿನಿಂದ ರಾಮನಗರಕ್ಕೆ ಬಳೆ, ಬಟ್ಟೆ ತರಲು ಹೋಗಿದ್ದೆ. ದಿನಾ ಎರಡು ಬಸ್ಸು ಬದಲಿಸಿ ಓಡಾಡುವವಳಿಗೆ ರಜೆಯ ದಿನವೂ ಬಸ್‌ಸ್ಟ್ಯಾಂಡೇ.

ಮಗಳ ಹೆಸರಿನ ವಿಷಯ ಮೊದಲು ಹೇಳಬೇಕು. ತವರು, ಗಂಡನ ಮನೆ ಎರಡರಲ್ಲೂ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಬೆಳಗಿನ ಜಾವ ರೇಷ್ಮೆ ಹುಳಕ್ಕೆ ಸೊಪ್ಪು ಕೊಯ್ದಿಟ್ಟು ಕಾಲೇಜಿಗೆ ಹೋದವಳು. ಕೊನೆಯ ವರ್ಷ ಬಾಕಿ ಇರುವಾಗಲೇ ಮದುವೆಯಾಯಿತು. ಪರೀಕ್ಷೆಯ ದಿನಗಳಲ್ಲಿ ನನ್ನ ಪಾಲಿನ ಸೊಪ್ಪನ್ನೂ ಅತ್ತೆಯೇ ಕೊಯ್ದು ನನ್ನನ್ನು ಕಳಿಸಿದರು. ಮಗು ಹುಟ್ಟುವ ಹೊತ್ತಿಗೆ ಅವರಿರಲಿಲ್ಲ. ಅವರ ಹೆಸರನ್ನೇ ಇಡೋಣ ಎಂದರು ಮಾವ. ದೇವೀರಮ್ಮ. ಈ ಕಾಲದಲ್ಲಿ ಆ ಹೆಸರೇ ಎಂದು ನಾನು ಒಪ್ಪಲಿಲ್ಲ. ಆರಾಧ್ಯ ಎಂದು ಇಟ್ಟೆವು.

ಮಾವನ ನಾಲಿಗೆಗೆ ಅದು ಹತ್ತಲೇ ಇಲ್ಲ. 'ಆರಾದ್ದಿ' ಎನ್ನುತ್ತಿದ್ದರು. ನಾನು ತಿದ್ದಿದೆ. "ಹಲ್ಲಿರೋರು ಅನ್ನೋ ಹೆಸ್ರು ಕಣವ್ವ ಅದು. ನನ್ ಕೈಲಾಗಕಿಲ್ಲ" ಎಂದವರು ದೇವೀರಮ್ಮ ಎಂದೇ ಕರೆಯತೊಡಗಿದರು. ಹಗಲೆಲ್ಲ ಮಗು ಅವರ ಜೊತೆಗೇ.

ನಾನು ಮಾತ್ರ ಹಾಗೆ ಕರೆಯುವಂತಿರಲಿಲ್ಲ. ನಮ್ಮ ಕಡೆ ಸೊಸೆಯಾದವಳು ಅತ್ತೆ ಮಾವನ ಹೆಸರು ಬಾಯಲ್ಲಿ ಹೇಳುವುದಿಲ್ಲ, ಅವರು ಹೋದ ಮೇಲೂ. ಓದಿದವಳು, ಇದನ್ನೆಲ್ಲ ನಂಬುವವಳಲ್ಲ. ಆದರೂ ನಾಲಿಗೆ ಏಳುತ್ತಿರಲಿಲ್ಲ.

ಅಂಗನವಾಡಿಗೆ ಸೇರಿಸಿದರೆ ಅಲ್ಲಿ ಆಗಲೇ ಇಬ್ಬರು ಆರಾಧ್ಯ. "ನಿಮ್ಮೋಳು ನೀರಿನ ಟ್ಯಾಂಕ್ ಹತ್ರದ್ ಮನೆ ಆರಾಧ್ಯ, ಆಯ್ತಾ?" ಎಂದು ಟೀಚರ್ ನಕ್ಕರು. ಬರೀ ಆರಾಧ್ಯ ಎಂದರೆ ತಾನಲ್ಲ ಎಂದು ಮಗಳು ಕಲಿತುಬಿಟ್ಟಳು.

ಅಂದು ರಾಮನಗರದಲ್ಲಿ ಊರಿಗೆ ವಾಪಸಾಗುವ ಬಸ್ಸು ಬಂದಾಗ, ಚೀಲ ಹೆಗಲಿಗೆ ಏರಿಸಿಕೊಳ್ಳಲು ಅವಳ ಕೈ ಬಿಟ್ಟೆ. ಜನ ನುಗ್ಗಿದರು. ತಿರುಗಿ ನೋಡಿದರೆ ಮಗಳಿಲ್ಲ.

"ಆರಾಧ್ಯ" ಎಂದು ಕೂಗಿದೆ. ಹೂವಿನವಳ ಮುಂದೆ ನಿಂತಿದ್ದ ಯಾವುದೋ ಹುಡುಗಿ ತಿರುಗಿದಳು. "ಏನ್ರೀ, ನಮ್ ಮಗೂನ್ಯಾಕ್ ಕರೀತೀರಾ?" ಎಂದಳು ಅವಳ ತಾಯಿ. ಇನ್ನೊಂದು ಕೂಸು ಅಜ್ಜಿಯ ಸೊಂಟದಿಂದಲೇ 'ಆಂ' ಎಂದಿತು.

ಅಷ್ಟರಲ್ಲಿ ಕಂಡಳು. ಹಿಂದಕ್ಕೆ ಬರುತ್ತಿದ್ದ ಬಸ್ಸೊಂದರ ಬೆನ್ನಿಗೆ, ನೆಲಕ್ಕೆ ಬಿದ್ದ ಬಲೂನಿನ ಕಡೆ ಬಾಗಿದ್ದಳು. ಕಂಡಕ್ಟರ್ ಆಚೆ ಪಕ್ಕದಲ್ಲಿ ನಿಂತು ಸೀಟಿ ಊದುತ್ತಿದ್ದ. ನಡುವೆ ಜನ, ನನಗೆ ದಾರಿ ಇಲ್ಲ. ಮತ್ತೆ ಆರಾಧ್ಯ ಎಂದು ಕಿರುಚಿದೆ. ತಲೆ ಎತ್ತಲಿಲ್ಲ.

"ದೇವೀರಮ್ಮಾ, ಬಾರೇ ಈ ಕಡೆ!"

ಬಲೂನು ಬಿಟ್ಟು ಓಡಿ ಬಂದಳು. ಬಸ್ಸಿನ ಚಕ್ರ ಆ ಬಲೂನಿನ ಮೇಲೆ ಹಾಯಿತು.

ಅವಳನ್ನು ಅಪ್ಪಿಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತೆ. ನಮ್ಮೂರಿನ ಹೆಂಗಸೊಬ್ಬಳು ಬಸ್ಸಿನ ಕಿಟಕಿಯಿಂದ ಪಕ್ಕದವಳಿಗೆ ಹೇಳುತ್ತಿದ್ದಳು: "ಎಲ್ಲಾ ಬುಟ್ಟು ಅತ್ತೆ ಹೆಸ್ರಿಡ್ದು ಬಾರೇ ಅಂತಾಳಲ್ಲಮ್ಮಿ. ಓದಿರೋ ಸೊಸೆ ಕಣೆ."

ಆ ಬಸ್ಸು ಬಿಟ್ಟು ನಾವು ಮುಂದಿನದರಲ್ಲಿ ಊರಿಗೆ ಬಂದೆವು. ಸುದ್ದಿ ಮೊದಲನೆಯದರಲ್ಲೇ ಬಂದಿತ್ತು. ಮಾವ ಜಗಲಿಯ ಮೇಲೆ ಕಾಯುತ್ತಿದ್ದರು.

"ಮಾವ, ಭಯಕ್ಕೆ ಬಾಯಿಗ್ ಬಂದ್ಬುಡ್ತು" ಎಂದೆ.

ಅವರು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಆಮೇಲೆ ಹೇಳಿದರು: "ಬರ್ಲಿ ಬುಡವ್ವ. ಅವ್ಳು ಬದ್ಕಿದ್ದಾಗ ನಾನೂ 'ಇವ್ಳೇ' ಅಂದೋನೇ ಹೊರ್ತು ಹೆಸ್ರಿಡ್ದು ಕರ್ದೋನಲ್ಲ. ಆಗ ಈ ಮನೇಲಿ ಯಾರೂ ಕರೀದೇ ಇದ್ದ ಹೆಸ್ರು ಅದು. ನೀನ್ ಒಂದ್ ಕಿತ ಕರ್ದೇಟ್ಗೇ ಓಡ್ಬಂದವ್ಳೆ ನೋಡು."

ಈಗಲೂ ಸಂಜೆ ಮನೆ ಸೇರುವಾಗ ಕೈಕಾಲು ಸೋತಿರುತ್ತವೆ. ಬಾಗಿಲಲ್ಲಿ ಅಭ್ಯಾಸಕ್ಕೆ ಆರಾಧ್ಯ ಎನ್ನುತ್ತೇನೆ. ಒಳಗಿಂದ ಸದ್ದಿಲ್ಲ. ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿಕೊಂಡು, ಮೆಲ್ಲಗೆ ಆ ಇನ್ನೊಂದು ಹೆಸರು ಹೇಳುತ್ತೇನೆ. ಅದರ ಜೊತೆಗೆ 'ಬಾರೇ' ಎನ್ನಲು ಮಾತ್ರ ಇವತ್ತಿಗೂ ಬಾಯಿ ಬರುವುದಿಲ್ಲ. ನಾಲ್ಕು ವರ್ಷದ ಮಗಳಿಗೆ 'ಬನ್ನಿ' ಎನ್ನುತ್ತೇನೆ.