ಗೂಡಂಗಡಿಯಲ್ಲಿ ನೇತಾಡಿದ ಮುಖ

ಪಾಂದೆಲಿಸ್‌ನ ಮುಖವನ್ನು ಬಂದರೂರಾದ ಪೆರಾಮಾದ ಜನ ಸರಿಯಾಗಿ ನೋಡಿದ್ದೇ ಕಡಿಮೆ. ಮೀಸೆ ಮೂಡುವ ಮೊದಲೇ ಹಡಗು ರಿಪೇರಿಯ ಯಾರ್ಡಿಗೆ ಸೇರಿ ವೆಲ್ಡಿಂಗ್ ಕಲಿತವನು. ಹಗಲೆಲ್ಲ ಮುಖಕ್ಕೆ ಕಪ್ಪು ಗಾಜಿನ ಮುಸುಕು, ಸಂಜೆ ಮನೆಗೆ ಬರುವಾಗ ಹುಬ್ಬಿನವರೆಗೆ ಎಳೆದ ಟೋಪಿ. ಬೆಂಕಿ ನೋಡಿ ನೋಡಿ ಕಣ್ಣು ಕೆಟ್ಟಿತ್ತು; ಸಮುದ್ರದ ಕಡೆಯಿಂದ ಸ್ವಲ್ಪ ಗಾಳಿ ಬೀಸಿದರೂ ನೀರು ಸುರಿಯುತ್ತಿತ್ತು. ಮದುವೆ ಮನೆಯಲ್ಲೂ ಕಣ್ಣೊರೆಸಿಕೊಳ್ಳುತ್ತಾ ನಿಂತಿರುತ್ತಿದ್ದ, ಸಾವಿನ ಮನೆಯಲ್ಲೂ ಹಾಗೆಯೇ. ಅವನ ಬೀದಿಯಲ್ಲಿ ಅರ್ಧಕ್ಕರ್ಧ ಜನ ವೆಲ್ಡರುಗಳೇ ಆದ್ದರಿಂದ ಯಾರೂ ಅದಕ್ಕೆ ಅರ್ಥ ಹಚ್ಚುತ್ತಿರಲಿಲ್ಲ.

ಆ ಯಾರ್ಡು ಮುಚ್ಚಿ ಅದು ಎರಡನೆಯ ಚಳಿಗಾಲ. ಹಡಗುಗಳು ಅಗ್ಗದ ಕೂಲಿ ಹುಡುಕಿಕೊಂಡು ಬೇರೆ ದೇಶದ ದಡಕ್ಕೆ ಹೋದವು, ಗಂಡಸರು ಕಾಫಿ ಅಂಗಡಿಯಲ್ಲಿ ಖಾಲಿ ಬಟ್ಟಲು ಮುಂದಿಟ್ಟುಕೊಂಡು ಕೂತರು. ಪಾಂದೆಲಿಸ್ ಕೂರಲಿಲ್ಲ. ಮನೆಯಲ್ಲಿ ಇದ್ದದ್ದು ಮೂರೇ ಜನ: ಅವನು, ಹೆಂಡತಿ ಎವಾಂಥಿಯಾ, ತಾಯಿ ಅನೆಝಾ. ಅವನ ಸಂಕಟವೆಲ್ಲ ಈ ತಾಯಿಯದೇ.

ಅನೆಝಾ ಮುದುಕಿ ಚಿಕ್ಕವಳಿದ್ದಾಗ ಯುದ್ಧದ ಬರ ಕಂಡವಳು. ಆ ಚಳಿಗಾಲ ಚರ್ಚಿನ ಮುಂದೆ ಕೊಪ್ಪರಿಗೆ ಇಟ್ಟು ಗಂಜಿಯಂಥದ್ದೇನನ್ನೋ ಹಂಚುತ್ತಿದ್ದರು. ತಮ್ಮನನ್ನು ಸೊಂಟದ ಮೇಲಿಟ್ಟುಕೊಂಡು ಸಾಲಿನಲ್ಲಿ ನಿಂತಿದ್ದಳು. ಅವಳ ಸರದಿ ಬರುವ ಹೊತ್ತಿಗೆ ಸೊಂಟದ ಮೇಲಿದ್ದ ಮಗುವಿಗೆ ಗಂಜಿ ಬೇಕಾಗಿರಲಿಲ್ಲ. ಅಂದಿನಿಂದ ಅವಳದು ಒಂದೇ ಮಾತು.

"ಏಳು ತಲೆಮಾರಿಗೆ ಆಗೋವಷ್ಟು ಕೊಪ್ಪರಿಗೆ ಸಾರು ನಾನೊಬ್ಬಳೇ ಕುಡಿದು ಮುಗಿಸಿದ್ದೀನಿ. ನನ್ನ ಹೊಟ್ಟೇಲಿ ಹುಟ್ಟಿದೋನು ಆ ಸಾಲಲ್ಲಿ ನಿಂತ ದಿವಸ ನನ್ನ ಬಾಯಿಗೆ ಮಣ್ಣು ಹಾಕ್ಬಿಡಿ."

ಇದು ಬರೀ ಬಾಯಿಮಾತಲ್ಲ. ಹಿಂದಿನ ವರ್ಷ ಯಾರೋ ಪುಣ್ಯಾತ್ಮರು ಬಾಗಿಲಲ್ಲಿ ದಾನದ ಪೊಟ್ಟಣ ಇಟ್ಟುಹೋಗಿದ್ದರು. ಎವಾಂಥಿಯಾ ಅದರಲ್ಲಿನ ಅಕ್ಕಿ ಬೇಯಿಸಿದ್ದು ತಿಳಿದದ್ದೇ, ಮುದುಕಿ ಊಟ ಬಿಟ್ಟು, ಬಾಯಿ ಬಿಗಿದುಕೊಂಡು ಗೋಡೆ ಕಡೆ ತಿರುಗಿ ಮಲಗಿದಳು. ಅತ್ತರೂ ಕೇಳಲಿಲ್ಲ, ಗದರಿದರೂ ಕೇಳಲಿಲ್ಲ. ಕೊನೆಗೆ ಡಾಕ್ಟರನ್ನು ಕರೆಸಿ ಸೂಜಿ ಚುಚ್ಚಿಸಿ ಉಳಿಸಿಕೊಳ್ಳಬೇಕಾಯಿತು. ಇನ್ನೊಂದು ಸಲ ಹೀಗಾದರೆ ಈ ಹೃದಯ ತಡೆಯುವುದಿಲ್ಲ ಎಂದು ಡಾಕ್ಟರು ಹೊಸ್ತಿಲ ಮೇಲೆ ನಿಂತು ಪಾಂದೆಲಿಸ್‌ನ ಕಿವಿಯಲ್ಲಿ ಹೇಳಿಹೋದ.

ಹಾಗಾಗಿ ಗಂಡಹೆಂಡಿರು ಸೇರಿ ಒಂದು ಸುಳ್ಳು ಕಟ್ಟಿದರು. ಗುಡ್ಡದಾಚೆಯ ದ್ರಾಪೆಟ್ಸೋನಾದಲ್ಲಿ ದೋಣಿ ರಿಪೇರಿಯ ಕೆಲಸ ಸಿಕ್ಕಿದೆ ಎಂದು ಪಾಂದೆಲಿಸ್ ಬೆಳಿಗ್ಗೆ ಗಡ್ಡ ಕೆರೆದು, ಇಸ್ತ್ರಿ ಮಾಡಿದ ಕೋಟು ತೊಟ್ಟು ಹೊರಡುತ್ತಿದ್ದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಕಂಡವರು ನಗಬಹುದು, ಆದರೆ ಆ ಕೋಟು ಮುದುಕಿಯ ಕಣ್ಣಿಗಾಗಿ. ಚೀಲದೊಳಗೆ ಮುಚ್ಚಳವಿರುವ ಪಾತ್ರೆ. ಪೆರಾಮಾದಲ್ಲೂ ಚರ್ಚು ಊಟ ಹಂಚುತ್ತಿತ್ತು, ಮನೆಯಿಂದ ಕೂಗಳತೆಯಲ್ಲೇ. ಅವನು ಮಾತ್ರ ಗುಡ್ಡ ಹತ್ತಿ ಇಳಿದು, ಗುರುತಿನವರು ಒಬ್ಬರೂ ಇಲ್ಲದ ದ್ರಾಪೆಟ್ಸೋನಾದ ಸಾಲಿನಲ್ಲಿ ನಿಲ್ಲುತ್ತಿದ್ದ. ಅಲ್ಲಿ ನೋಡುವವರೆಲ್ಲ ತನ್ನಂಥವರೇ. ಪಾತ್ರೆ ಹಿಡಿದವನಿಗೆ ಪಾತ್ರೆ ಹಿಡಿದವನ ಕಂಡರೆ ನಾಚಿಕೆ ಏನು?

ತಂದದ್ದನ್ನು ಎವಾಂಥಿಯಾ ಅಡುಗೆಮನೆಯ ಬಾಗಿಲು ಹಾಕಿಕೊಂಡು ತನ್ನ ಪಾತ್ರೆಗೆ ಬಗ್ಗಿಸಿ, ಈರುಳ್ಳಿ ಬಾಡಿಸಿ, ಇದ್ದರೆ ಒಂದು ಹನಿ ಆಲಿವ್ ಎಣ್ಣೆ ಬಿಟ್ಟು, ಮತ್ತೆ ಕುದಿಸಿ ಮನೆಯ ವಾಸನೆ ಬರಿಸುತ್ತಿದ್ದಳು. ಆ ಬೀದಿಯಲ್ಲಿ ಅವಳ ಕೈಯಡುಗೆಗೆ ಸಮನಿರಲಿಲ್ಲ. ಈಗ ದಿನಾ ಅತ್ತೆಯ ಬಾಯಿಗೆ ಬೀಳುತ್ತಿದ್ದಳು.

"ಏನೇ ಇದು, ಚನ್ನಂಗಿ ಬೇಳೆನೋ ಗೋಡೆಗೆ ಬಳಿಯೋ ಗಾರೆನೋ? ಮದ್ವೆ ಆದಾಗ ಚೆನ್ನಾಗಿ ಮಾಡ್ತಿದ್ದೆ. ವಯಸ್ಸಾಯ್ತು ನಿಂಗೆ."

"ಹೌದು ಅತ್ತೆ, ನಂಗೇ ವಯಸ್ಸಾಗಿದ್ದು. ನೀವಿನ್ನೂ ಹುಡುಗಿ," ಎನ್ನುತ್ತಿದ್ದಳು ಎವಾಂಥಿಯಾ. ಮುದುಕಿ ಬೈದುಕೊಂಡೇ ತಟ್ಟೆ ನೆಕ್ಕುತ್ತಿದ್ದಳು. ಅವಳು ಬೈದಷ್ಟೂ ಗಂಡಹೆಂಡಿರಿಗೆ ಸಮಾಧಾನ.

ಒಂದು ಶನಿವಾರ ಬೆಳಿಗ್ಗೆ ಪಾಂದೆಲಿಸ್ ಚೀಲ ಹಿಡಿದು ಹೊರಟವನು ಕೋಸ್ಮಾಸ್‌ನ ಗೂಡಂಗಡಿಯ ಮುಂದೆ ನಿಂತುಬಿಟ್ಟ. ಅಂಗಡಿಯ ಸುತ್ತ ದಾರ ಕಟ್ಟಿ, ಬಟ್ಟೆ ಕ್ಲಿಪ್ಪು ಹಾಕಿ ಅಂದಂದಿನ ಪೇಪರುಗಳನ್ನು ನೇತುಹಾಕಿರುತ್ತಾರೆ. ಕೊಳ್ಳುವವರು ನಾಲ್ಕು ಜನ, ನಿಂತು ಓದುವವರು ಇಡೀ ಊರು. ಆ ದಾರದ ನಟ್ಟನಡುವೆ ಅವನೇ ನೇತಾಡುತ್ತಿದ್ದ. ಅರ್ಧ ಪುಟದಷ್ಟು ದೊಡ್ಡ ಮುಖ. ಕೈಯಲ್ಲಿ ಪಾತ್ರೆ, ಸ್ವಲ್ಪ ತೆರೆದ ಬಾಯಿ, ಕಣ್ಣು ಸೌಟಿನ ಮೇಲೆ, ಕೆನ್ನೆಯ ಮೇಲೆ ಹೊಳೆಯುವ ನೀರು. ಕೆಳಗೆ ದಪ್ಪಕ್ಷರ: "ಹಸಿವಿನ ಕಣ್ಣೀರು."

ಅವನಿಗೆ ಮೊದಲು ಹೊಳೆದದ್ದು ಅಮ್ಮ. ಮಧ್ಯಾಹ್ನದ ನಿದ್ದೆ ಮುಗಿಸಿ, ನೆರೆಯ ಮರಿಗೋಳ ತೋಳು ಹಿಡಿದು, ಕನ್ನಡಕ ಏರಿಸಿಕೊಂಡು ಆ ದಾರದ ಮುಂದೆ ನಿಲ್ಲುವುದೇ ಅವಳ ದಿನದ ಸಂತೋಷ. ಕಿತ್ತುಕೊಂಡು ಹೋದರೆ ಕೋಸ್ಮಾಸ್ ಇನ್ನೊಂದು ನೇತುಹಾಕುತ್ತಾನೆ. ಪಾಂದೆಲಿಸ್ ಸುತ್ತಮುತ್ತ ನೋಡಿ, ಕ್ಲಿಪ್ಪು ಬಿಚ್ಚಿ, ಹಾಳೆಯನ್ನು ಹಿಂದುಮುಂದು ಮಾಡಿ ಫುಟ್‌ಬಾಲಿನ ಪುಟ ಹೊರಗೆ ಬರುವಂತೆ ಸಿಕ್ಕಿಸಿದ. ಆತುರದಲ್ಲಿ ಕ್ಲಿಪ್ಪು ಎರಡು ಸಲ ಕೆಳಗೆ ಬಿತ್ತು.

"ಏನೋ ಪಾಂದೆಲಿ, ನಿಮ್ಮ ಟೀಮು ಸೋತಿದ್ದನ್ನ ಎಲ್ಲರಿಗೂ ತೋರಿಸ್ಬೇಕಾ?" ಒಳಗಿಂದ ಕೋಸ್ಮಾಸ್ ಕೂಗಿದ.

"ಒಂದ್ಸಲ ಸೋತ್ರೆ ಏನಾಯ್ತು ಬಿಡೋ," ಎಂದು ಹೇಳಿ ಅವನು ಹೊರಟ. ನಗಲು ನೋಡಿದ, ಆಗಲಿಲ್ಲ.

ಮುಖ ಹೀಗೆ ಬಯಲಾದ ಮೇಲೂ ಅದೇ ಸಾಲಿಗೆ ಹೋಗಬೇಕು, ಹೋಗದಿದ್ದರೆ ಮಧ್ಯಾಹ್ನಕ್ಕೆ ಮನೆಯಲ್ಲಿ ಉಪ್ಪು ಬಿಟ್ಟು ಬೇರೇನೂ ಇಲ್ಲ. ದ್ರಾಪೆಟ್ಸೋನಾದಲ್ಲಿ ಸಾಲೇ ಇರಲಿಲ್ಲ. ಬಂದಿದ್ದ ಕೆಲವರು ಮೂಗಿನವರೆಗೆ ಸ್ಕಾರ್ಫು ಸುತ್ತಿಕೊಂಡು, ಒಬ್ಬರ ಬೆನ್ನಿಗೆ ಒಬ್ಬರು ಅಡಗುವಂತೆ ನಿಂತಿದ್ದರು. ಗಂಡುಮಕ್ಕಳನ್ನು ಕರೆದುಕೊಂಡು ಬರುತ್ತಿದ್ದ ಟೀಚರಮ್ಮ ಇಲ್ಲ, ಯಾವಾಗಲೂ ಟೈ ಕಟ್ಟಿ ಬರುತ್ತಿದ್ದ ಮುದುಕ ಇಲ್ಲ. ಬಡಿಸುವ ಹೆಂಗಸು ಸೌಟು ಹಿಡಿದು ಸೊಂಟದ ಮೇಲೆ ಕೈಯಿಟ್ಟಿದ್ದಳು.

"ದಿನಾ ತಳ ಕೆರೆದು ಬಡಿಸ್ತಿದ್ದೆ. ಇವತ್ತು ಪೇಪರ್ ನೋಡಿ ಯಾವನೋ ವರ್ತಕ ಬೆಳಗಾಗೋದರೊಳಗೆ ಮೂಟೆಮೂಟೆ ಇಳಿಸಿ ಹೋಗಿದ್ದಾನೆ. ತಿನ್ನೋರೇ ಬರ್ಲಿಲ್ಲ. ಎಲ್ಲಾ ಎಲ್ಲಿ ಸತ್ರು?" ಎಂದವಳು ಪಾಂದೆಲಿಸ್‌ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು. ಅವನ ಪಾತ್ರೆಯನ್ನು ಅಂಚಿನವರೆಗೆ ತುಂಬಿದಳು.

ಆಗಲೇ ಆ ಹುಡುಗಿ ಕಂಡದ್ದು. ಎದುರುಗಡೆ, ಬಸ್ಸೇ ನಿಲ್ಲದ ಕಡೆ ಬಸ್ಸು ಕಾಯುವವಳಂತೆ ಆಕಾಶ ನೋಡುತ್ತಾ ನಿಂತಿದ್ದಳು. ಕತ್ತಿನ ದಪ್ಪ ಸ್ಕಾರ್ಫಿನ ಮಡಿಕೆಯಲ್ಲಿ ಕ್ಯಾಮೆರಾದ ಕರಿಯ ಗಾಜೊಂದು ಮಿಂಚಿತು. ಕಳೆದ ವಾರವೂ ಇವಳೇ ಅಲ್ಲಿ ನಿಂತಿದ್ದಳು, ಚಳಿಯಲ್ಲಿ ಪಾಪ ಎಂದುಕೊಂಡಿದ್ದ. ಪಾಂದೆಲಿಸ್ ರಸ್ತೆ ದಾಟಿದ.

"ನೀನೇನಾ?"

ಹುಡುಗಿಯ ಹೆಸರು ಮಿರ್ತೊ. ಅವಳಿಗೆ ಗುರುತು ಸಿಕ್ಕಿತು. ಮುಖ ಅರಳಿತು, ಅದೇ ಅವನಿಗೆ ತಡೆಯಲಾಗದ್ದು.

"ಯಜಮಾನ್ರೇ! ನಿಮ್ಮನ್ನ ನಾನು ಎಷ್ಟು ಹುಡುಕಿದೆ ಗೊತ್ತಾ. ಆ ಫೋಟೋ ನೋಡಿ ನಮ್ಮ ಆಫೀಸಲ್ಲಿ ಎಲ್ರೂ ಅತ್ರು."

"ಯಾರನ್ನ ಕೇಳಿ ತೆಗ್ದೆ?"

"ಇದು ಬೀದಿ ಅಲ್ವಾ? ಬೀದೀಲಿ ಯಾರು ಯಾರನ್ನ ಬೇಕಾದ್ರೂ..."

"ಕಾನೂನು ಕೇಳ್ಲಿಲ್ಲ ನಾನು. ಒಂದು ಮಾತು, 'ನಮಸ್ಕಾರ, ನಿಮ್ಮ ಫೋಟೋ ತೆಗೀಲಾ' ಅನ್ನೋಕೆ ಏನಾಗಿತ್ತು?"

"ಹಾಗಂದಿದ್ರೆ ನೀವು ಮುಖ ತಿರುಗಿಸ್ಬಿಡ್ತಿದ್ರಿ."

"ಹೌದಮ್ಮಾ, ತಿರುಗಿಸ್ತಿದ್ದೆ. ಕೇಳೋದು ಅದಕ್ಕೇ ಅಲ್ವಾ?"

ಅವಳು ತಬ್ಬಿಬ್ಬಾದಳು. ಕೆಟ್ಟ ಹುಡುಗಿಯೇನಲ್ಲ, ಕೆಟ್ಟವಳಾಗಿದ್ದರೆ ಬೈದು ಹಗುರಾಗಬಹುದಿತ್ತು. "ಕೇಳಿದ್ರೆ ಜನ ಮುಖ ಸರಿಮಾಡ್ಕೋತಾರೆ. ಆಮೇಲೆ ಅದು ನಿಜ ಆಗಲ್ಲ. ಈ ದೇಶದಲ್ಲಿ ಏನಾಗ್ತಿದೆ ಅಂತ ಎಲ್ರಿಗೂ ಗೊತ್ತಾಗ್ಬೇಕು. ನಿಮ್ಮ ಆ ಕಣ್ಣೀರು..."

"ಯಾವ ಕಣ್ಣೀರು? ನಾನು ವೆಲ್ಡರು. ಗಾಳಿಗೆ ನೀರು ಬರುತ್ತೆ ಈ ಕಣ್ಣಿಗೆ. ನೋಡು, ಈಗ್ಲೂ ಬರ್ತಿದೆ. ಇದನ್ನೂ ಹಾಕು ಪೇಪರಿಗೆ!"

ಮಿರ್ತೊಳ ಕೈ ಸ್ಕಾರ್ಫಿನ ಮೇಲೆ ಹೋಯಿತು. ಈಗ ಅವಳಿಗೂ ಅಳು ಬಂದಿತ್ತು, ಅದು ಗಾಳಿಯದ್ದಲ್ಲ. "ಅಳಿಸ್ಬಿಡ್ತೀನಿ ಯಜಮಾನ್ರೇ. ಇವತ್ತೇ ಅಳಿಸ್ತೀನಿ."

"ಎಲ್ಲಿಂದ ಅಳಿಸ್ತೀಯ? ನಮ್ಮ ಬೀದಿ ದಾರದ ಮೇಲೆ ನೇತಾಡ್ತಿದ್ದೀನಿ ನಾನು. ಮನೇಲಿ ನಮ್ಮಮ್ಮ ಇದ್ದಾಳೆ. ಅವಳು ಅದನ್ನ ನೋಡಿದ್ರೆ ಊಟ ಬಿಡ್ತಾಳೆ, ಬಿಟ್ರೆ ಸಾಯ್ತಾಳೆ. ನಿಂಗೆ ಹೇಗಮ್ಮಾ ಗೊತ್ತಾಗ್ಬೇಕು ಇದು? ಕೇಳಿದ್ರೆ ತಾನೇ?"

ಬೀದಿ ಎಲ್ಲರದಂತೆ. ಇರಲಿ, ಎಲ್ಲರದೇ. ಅದರಲ್ಲಿ ನಿಂತವನ ಮುಖವೂ ಎಲ್ಲರದಾಗಿಬಿಟ್ಟರೆ, ಅವನು ಗುಡ್ಡ ಹತ್ತಿ ಇಳಿದು ಬಂದದ್ದು ಯಾವ ಪುರುಷಾರ್ಥಕ್ಕೆ? ಅಪರಿಚಿತರ ನಡುವೆ ಅಪರಿಚಿತನಾಗಿ ಇರುವುದಷ್ಟೇ ಅವನಲ್ಲಿ ಉಳಿದಿದ್ದ ಆಸ್ತಿ. ಹುಡುಗಿ ಏನೋ ಹೇಳುತ್ತಲೇ ಇದ್ದಳು. ಅವನು ಪಾತ್ರೆ ತುಳುಕದಂತೆ ಎದೆಗೆ ಅವುಚಿಕೊಂಡು ಮನೆಯ ಕಡೆ ಹೆಚ್ಚುಕಡಿಮೆ ಓಡಿದ.

ಮಧ್ಯಾಹ್ನ ಮುದುಕಿ ಚೆನ್ನಾಗಿಯೇ ಉಂಡಳು. ಬೀನ್ಸ್ ಕಾಳಿನ ಸಾರು ಸಪ್ಪೆಯೆಂದು ಸೊಸೆಗೆ ಎರಡು ಮಾತು ಅಂದು, ಎರಡನೆಯ ಸಲ ಹಾಕಿಸಿಕೊಂಡು, ಮಲಗಿದಳು. ಎದ್ದವಳೇ ಕರಿಯ ಶಾಲು ಹೊದ್ದಳು.

"ಅಮ್ಮ, ಚಳಿ ಇದೆ. ಇವತ್ತು ಬೇಡ."

"ನಿನ್ನ ಹೆತ್ತ ದಿನ ಇದಕ್ಕಿಂತ ಚಳಿ ಇತ್ತು ಕಣೋ."

"ಕೆಮ್ಮು ಇದೆ ನಿಂಗೆ."

"ಅದು ನಿಮ್ಮಪ್ಪ ಇದ್ದಾಗ್ಲಿಂದ ಇದೆ. ದಾರಿ ಬಿಡು."

ಬಾಗಿಲಿಗೆ ಅಡ್ಡ ನಿಂತ ಮಗನನ್ನು ಬದಿಗೆ ಸರಿಸಿ ಹೊರಟೇಬಿಟ್ಟಳು. ಪಾಂದೆಲಿಸ್ ಟೋಪಿ ಎಳೆದುಕೊಂಡು ಹಿಂದೆಯೇ ಹೋದ. ದೂರದಿಂದಲೇ ಕಂಡಿತು: ಕೋಸ್ಮಾಸ್ ಯಾವಾಗಲೋ ಹಾಳೆಯನ್ನು ಮತ್ತೆ ಸರಿಯಾಗಿ ತಿರುಗಿಸಿ ಸಿಕ್ಕಿಸಿದ್ದ. ಅದರ ಮುಂದೆ ಆಗಲೇ ಜನ ಗುಂಪುಗೂಡಿದ್ದರು. ಮುದುಕಿ ಬಂದದ್ದು ಕಂಡು ಗುಂಪು ದಾರಿ ಬಿಟ್ಟಿತು.

ಮರಿಗೋಳಿಗೆ ಬಾಯಿ ತಡೆಯುವ ಅಭ್ಯಾಸ ಇರಲಿಲ್ಲ. "ಅನೆಝಾ, ನೋಡೇ ಇಲ್ಲಿ. ನಿಮ್ಮ ಪಾಂದೆಲಿ ಅಲ್ವೇನೇ ಇದು?"

ಅನೆಝಾ ಕನ್ನಡಕ ಏರಿಸಿದಳು. ಹಾಳೆಯ ಹತ್ತಿರಕ್ಕೆ ಮೂಗು ತಂದಳು. ಬಹಳ ಹೊತ್ತು ನೋಡಿದಳು. ಪಾಂದೆಲಿಸ್ ವಿದ್ಯುತ್ ಕಂಬದ ಪಕ್ಕ ನಿಂತು ಅವಳ ಬೆನ್ನನ್ನೇ ನೋಡುತ್ತಿದ್ದ. ಆ ಬೆನ್ನು ಅಲುಗಲಿಲ್ಲ.

"ನನ್ನ ಮಗನಾ?" ಎಂದಳು, ಎಲ್ಲರಿಗೂ ಕೇಳುವಂತೆ. "ನಿನ್ನ ಕಣ್ಣಿಗೆ ಪೊರೆ ಬಂದಿದೆ ಕಣೆ ಮರಿಗೋ. ನನ್ನ ಮಗ ವೆಲ್ಡರು, ದ್ರಾಪೆಟ್ಸೋನಾದಲ್ಲಿ ದೋಣಿ ಕೆಲ್ಸ ಮಾಡ್ತಾನೆ. ಅವನು ಯಾಕೆ ಕೊಪ್ಪರಿಗೆ ಮುಂದೆ ನಿಂತು ಅಳ್ತಾನೆ? ಇವ್ನು ಯಾರೋ ಗತಿಯಿಲ್ಲದೋನು." ಬಲಗೈ ಎತ್ತಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. "ದೇವಮಾತೆ ಆಣೆ, ಇವ್ನು ನನ್ನ ಮಗ ಅಲ್ಲ. ನನ್ನ ಮನೇಲಿ ನಾನು ಆ ಸಾರು ಉಂಡಿಲ್ಲ, ಉಣ್ಣೋದೂ ಇಲ್ಲ. ಇವನ ಹೆತ್ತೋಳಿಗೆ ದೇವ್ರು ಶಕ್ತಿ ಕೊಡ್ಲಿ."

ಕೋಸ್ಮಾಸ್ ಅಂಗಡಿಯೊಳಗೆ ತಲೆ ತಗ್ಗಿಸಿದ. ಮುದುಕಿ ತಿರುಗಿ, ಕಂಬದ ಪಕ್ಕ ನಿಂತ ಮಗನನ್ನು ದಾಟಿಕೊಂಡು, ಅವನ ಕಡೆ ನೋಡದೆ ಮನೆಗೆ ನಡೆದಳು.

ರಾತ್ರಿ ಎವಾಂಥಿಯಾ ಉಳಿದ ಸಾರನ್ನು ಬಿಸಿಮಾಡಿ ಮೂರು ತಟ್ಟೆ ಇಟ್ಟಳು. ಅನೆಝಾ ತನ್ನ ತಟ್ಟೆಗೆ ಬಡಿಸಲು ಬಂದ ಸೌಟನ್ನು ಕೈಯಿಂದ ತಡೆದಳು. ಬೈಯಲಿಲ್ಲ, ಗೋಡೆ ಕಡೆ ತಿರುಗಲಿಲ್ಲ.

"ನೀವು ಉಣ್ಣಿ. ಆರಿ ಹೋಗುತ್ತೆ."

"ಅಮ್ಮ," ಪಾಂದೆಲಿಸ್ ಅವಳ ಕೈ ಹಿಡಿದುಕೊಂಡ. "ಅದು ನಾನೇ ಅಮ್ಮ."

"ಹೆತ್ತೋಳಿಗೆ ಗೊತ್ತಾಗಲ್ವೇನೋ ಮಗಾ?"

"ಮತ್ಯಾಕೆ ಹಾಗಂದೆ?"

"ಎಲ್ಲಾ ನಿನ್ನ ಮುಖಾನೇ ನೋಡ್ತಿದ್ರು. ಮುಚ್ಚೋಕೆ ನನ್ನ ಹತ್ರ ಬೇರೇನಿತ್ತು?" ಅವನ ಕೈಯನ್ನು ಅವಳೂ ಬಿಡಲಿಲ್ಲ. "ನಿನ್ಮೇಲೆ ಕೋಪ ಇಲ್ಲ. ಆದ್ರೆ ಬೀದಿ ಮುಂದೆ ದೇವಮಾತೆ ಆಣೆ ಇಟ್ಟಿದ್ದೀನಿ. ಇನ್ನು ನಾನು ಇದನ್ನ ಬಾಯಿಗೆ ಹಾಕಿದ್ರೆ ಆಣೆ ಸುಳ್ಳಾಗುತ್ತೆ, ನಿನ್ನ ಮುಖ ಮತ್ತೆ ಬಯಲಾಗುತ್ತೆ."

"ಅಮ್ಮಾ, ಮನೇಲಿ ಬೇರೆ ಏನೂ ಇಲ್ಲ."

"ಗೊತ್ತು ಕಣೋ," ಎಂದಳು ಅನೆಝಾ.

ಎವಾಂಥಿಯಾ ಸೌಟು ಹಿಡಿದವಳು ಹಾಗೇ ನಿಂತಿದ್ದಳು. ಮುದುಕಿ ನಿಧಾನವಾಗಿ ಎದ್ದು, ಎಂಜಲಾಗದ ತನ್ನ ತಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದಳು. ಒರೆಸಿ, ಗೋಡೆಯ ಗೂಡಿನಲ್ಲಿ ಕವುಚಿಟ್ಟು, ಮಲಗಲು ಹೋದಳು.