ಎರಡು ಟೀ ಹೊತ್ತಿನ ಆಸಿಡ್

ಇವತ್ತು ಬೆಳಗ್ಗೆ ಟೀ ಉಕ್ಕಿತು. ತಪ್ಪು ಪೂರ್ತಿ ನನ್ನದೇ. ಫೋನ್ ನೋಡುತ್ತ ನಿಂತಿದ್ದೆ. ಸೀದ ಟೀಸೊಪ್ಪಿನ ವಾಸನೆ ರಾಮಮೂರ್ತಿ ನಗರದ ನಮ್ಮ ಬಾಡಿಗೆ ಮನೆಯನ್ನೆಲ್ಲ ತುಂಬಿತು. ಬೇರೆಯವರಿಗೆ ಈ ವಾಸನೆಯಿಂದ ಏನು ನೆನಪಾಗುತ್ತದೋ ಗೊತ್ತಿಲ್ಲ, ನನಗೆ ನೆನಪಾಗುವುದು ಆಸಿಡ್. ಗಾಬರಿಯಾಗಬೇಡಿ, ಹೇಳುತ್ತೇನೆ.

ಹಲಸೂರಿನ ಒಂದು ಗಲ್ಲಿಯಲ್ಲಿ, ಮನೆಮಾತು ತಮಿಳಾದ ಸ್ಟೆಲ್ಲಾ ಆಂಟಿ ಇದ್ದಾರೆ. ಮೊದಲು ಮದುವೆ ಕಾರ್ಡು ಅಚ್ಚು ಹಾಕುತ್ತಿದ್ದವರು, ಈಗ ಅದೇ ಗ್ಯಾರೇಜಿನಲ್ಲಿ ಭಾನುವಾರ ನನ್ನಂಥ ನಾಲ್ಕೈದು ಜನಕ್ಕೆ ಎಚಿಂಗ್ ಕಲಿಸುತ್ತಾರೆ. ಸತುವಿನ ತಗಡಿಗೆ ಕಪ್ಪು ಮೇಣ ಬಳಿದು, ಸೂಜಿಯಿಂದ ಅದನ್ನು ಗೀರಿ ಚಿತ್ರ ಬರೆದು, ತಗಡನ್ನು ಆಸಿಡ್ಡಿನಲ್ಲಿ ಮುಳುಗಿಸುವುದು. ಗೀರಿದ ಕಡೆ ಮಾತ್ರ ಆಸಿಡ್ ತಗಡನ್ನು ತಿನ್ನುತ್ತದೆ. ತಿಂದ ಗುಳಿಗಳಿಗೆ ಶಾಯಿ ತುಂಬಿ, ಒದ್ದೆ ಕಾಗದ ಹಾಸಿ ಒತ್ತಿದರೆ ಚಿತ್ರ. ಎಷ್ಟು ಹೊತ್ತು ಮುಳುಗಿಸಬೇಕು? ಆಂಟಿ ಗಡಿಯಾರ ನೋಡುವವರಲ್ಲ. "ತೆಳು ಗೆರೆಗೆ ಒಂದು ಟೀ. ಕಪ್ಪು ಬೇಕಾ, ಎರಡು ಟೀ," ಎನ್ನುತ್ತಿದ್ದರು. ಒಳಗೆ ಸ್ಟೌ ಮೇಲೆ ಟೀ ಇಡುವುದು. ಅದು ಕುದಿದರೆ ತಗಡು ಮೇಲಕ್ಕೆ.

ನಾನು ದೊಮ್ಮಲೂರಿನ ಆಫೀಸಿನಲ್ಲಿ ಕಟ್ಟಡದ ನಕ್ಷೆ ಬರೆಯುವವಳು. ಗೋಡೆ ಕೂದಲೆಳೆಯಷ್ಟು ಆಚೀಚೆಯಾದರೂ ಸಮಾಧಾನವಿಲ್ಲ. ಈ ಗುಣಕ್ಕೆ ಆಫೀಸಿನಲ್ಲಿ ಹೊಗಳಿಕೆ, ಮನೆಯಲ್ಲಿ ಜಗಳ. ಅಕ್ಕನ ಜೊತೆ ಮಾತು ನಿಂತದ್ದೂ ಇದರಿಂದಲೇ. ಅವ್ವನ ವರ್ಷದ ಕಾರ್ಯದ ದಿನ ನೆಂಟರೆಲ್ಲ ಊಟಕ್ಕೆ ಕೂತಿದ್ದರು. ಗದಗಿನ ನಮ್ಮ ಹಳೇ ಮನೆಯ ಅಡುಗೆಮನೆ ಗೋಡೆಯಲ್ಲಿ ಒಲೆಯ ಮಸಿ ಆನೆಯ ಹಾಗೆ ಮೂಡಿತ್ತೆಂದೂ, ಅವ್ವ ಅದಕ್ಕೊಂದು ತುತ್ತು ತೋರಿಸಿ ತನಗೆ ಉಣಿಸುತ್ತಿದ್ದಳೆಂದೂ ಅಕ್ಕ ಹೇಳುತ್ತಿದ್ದಳು. ನಾನು ನಡುವೆ ಬಾಯಿ ಹಾಕಿದೆ.

"ಅಲ್ಲಿ ಎಂಥಾ ಆನಿನೂ ಇರಲಿಲ್ಲ. ಆ ಗ್ವಾಡಿ ನನಗ ಛಲೋ ನೆನಪೈತಿ. ಸುಳ್ಳ ಹೇಳಬ್ಯಾಡ."

ಅಕ್ಕ ಅರ್ಧ ಊಟಕ್ಕೆ ಎದ್ದಳು. ಎರಡು ವರ್ಷ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ನ್ಯಾಯ ನನ್ನ ಕಡೆ ಇತ್ತಲ್ಲ!

ಆಮೇಲೆ ಅವಳು ಹೊರಮಾವಿನಲ್ಲಿ ಫ್ಲ್ಯಾಟ್ ಕೊಂಡಳು. ಗೃಹಪ್ರವೇಶದ ಕರೆ ಬಂದದ್ದು ಭಾವನ ಫೋನಿನಿಂದ. ಬರಿಗೈಯಲ್ಲಿ ಹೋಗಲು ನನಗೆ ಮುಖವಿರಲಿಲ್ಲ. ಅವ್ವನ ಆ ಅಡುಗೆಮನೆಯನ್ನೇ ಅಚ್ಚು ಮಾಡಿ ಕೊಡೋಣ ಅಂದುಕೊಂಡೆ. ಒಲೆ, ಕೊಡ, ಈಳಿಗೆ, ನೆಲುವು, ಎಲ್ಲ ಅಳತೆಗೆ ತಕ್ಕಂತೆ. ಅಚ್ಚಿನಲ್ಲಿ ಎಡ ಬಲ ಅದಲುಬದಲಾಗುತ್ತದೆಂದು ಕನ್ನಡಿ ಇಟ್ಟುಕೊಂಡು ತಿರುಗಿಸಿ ಬರೆದೆ. ಗೋಡೆ ಮಾತ್ರ ಬಿಳಿ, ಸ್ವಚ್ಛ. ರಾಜಿಗೆ ಹೊರಟವಳು ವಾದವನ್ನೂ ಬಗಲಲ್ಲಿ ಇಟ್ಟುಕೊಂಡೇ ಹೊರಟಿದ್ದೆ, ನೋಡಿ.

ತಗಡು ಆಸಿಡ್ಡಿನಲ್ಲಿರುವಾಗ, ಎರಡನೇ ಟೀಗೆ, ಆಂಟಿಯ ಗ್ಯಾಸ್ ಮುಗಿಯಿತು. ಆಂಟಿ ಪಕ್ಕದ ಮನೆಗೆ ಸಿಲಿಂಡರ್ ಕೇಳಲು ಹೋದರು. ಬುದ್ಧಿಯಿದ್ದವರಾದರೆ ತಗಡನ್ನು ಎತ್ತಿ ಪಕ್ಕಕ್ಕಿಡುತ್ತಿದ್ದರು. ನಾನು, ಟೀ ಕುದಿಯದೆ ಎತ್ತುವಂತಿಲ್ಲ ಎಂದು, ತಣ್ಣಗಾಗುತ್ತಿದ್ದ ಪಾತ್ರೆಯನ್ನು ಕಾಯುತ್ತ ಕೂತೆ. ವಾಪಸು ಬಂದ ಆಂಟಿ ಹಣೆ ಚಚ್ಚಿಕೊಂಡರು.

"ಅಯ್ಯೋ ಕಡವುಳೇ! ಗ್ಯಾಸ್ ಹೋದ್ರೆ ಆಸಿಡ್ಡೂ ನಿಂತ್ಕೊಳುತ್ತಾ, ಕಣ್ಣು?"

ಮೇಣ ತೆಳುವಾಗಿದ್ದ ಕಡೆ ಆಸಿಡ್ ನುಗ್ಗಿತ್ತು. ಅಚ್ಚು ತೆಗೆದರೆ, ಒಲೆಯ ಮೇಲುಗಡೆ, ನನ್ನ ಸ್ವಚ್ಛ ಗೋಡೆಯಲ್ಲಿ, ದೊಡ್ಡ ಕಪ್ಪು ಮಚ್ಚೆ. ನನಗೆ ಅಳು ಬಂತು. ತಗಡನ್ನು ಉಜ್ಜಿ ಮಚ್ಚೆ ಅಳಿಸಲು ಉಕ್ಕಿನ ಕಡ್ಡಿ ಎತ್ತಿಕೊಂಡೆ. ಆಂಟಿ ಕೈ ಹಿಡಿದರು.

"ಇರು ಮಾ. ಅಳಿಸೋದು ಯಾವಾಗ್ಲೂ ಅಳಿಸ್ಬೋದು. ಫಸ್ಟು ಏನ್ ಬಂದಿದೆ ನೋಡು. ನೀನು ಬರ್ದಿದ್ದು ಬಿಟ್ಟು ಬೇರೆ ಏನೂ ನೋಡೋದೇ ಇಲ್ವಲ್ಲ."

ನೋಡಿದೆ. ನಿಜ ಹೇಳುತ್ತೇನೆ, ಆನೆ ಗೀನೆ ಏನೂ ಕಾಣಲಿಲ್ಲ. ಆದರೆ ಮಚ್ಚೆಯ ಅಂಚು ಹೊಗೆಯ ಹಾಗೆ ಮೆತ್ತಗಿತ್ತು. ಯಾವ ಸೂಜಿ ಕೊಟ್ಟರೂ ನನ್ನಿಂದ ಅದನ್ನು ಬರೆಯಲಾಗುತ್ತಿರಲಿಲ್ಲ. ಹೇಗೆ ಬಂತು ಇದು, ಇಲ್ಲೇ ಯಾಕೆ ಬಂತು ಎಂದು ತಗಡನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಕಡ್ಡಿ ಕೆಳಗಿಟ್ಟೆ.

ಹೊರಮಾವಿನಲ್ಲಿ ಅಕ್ಕ ಸುತ್ತಿದ ಕಾಗದ ಬಿಚ್ಚಿದಳು. ಅವಳ ಬೆರಳು ಮಚ್ಚೆಯ ಮೇಲೆ ನಿಂತಿತ್ತು, ಕಣ್ಣು ತುಂಬಿತ್ತು.

"ಕಡೀಗೂ ನೆನಪಾತೇನ ನಿನಗ?"

ಹೂಂ ಅಂದಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಹೂಂ ಎನ್ನಲು ಬಾಯಿ ತೆರೆದೂ ಇದ್ದೆ. ಆಗಲಿಲ್ಲ.

"ಇಲ್ಲಕ್ಕ. ನಾ ಗ್ವಾಡಿ ಬೆಳ್ಳಗ ಬಿಟ್ಟಿದ್ದೆ. ಗ್ಯಾಸ್ ಮುಗದಿತ್ತು... ಅದು ಆಸಿಡ್ ಮಾಡಿದ್ದು."

ಮತ್ತೆ ಎರಡು ವರ್ಷ ಹೋಯಿತು ಎಂದುಕೊಂಡೆ. ಅಕ್ಕ ನನ್ನನ್ನು ನೋಡಿದಳು, ಚಿತ್ರವನ್ನು ನೋಡಿದಳು, ಆಮೇಲೆ ನಗತೊಡಗಿದಳು.

"ನೋಡ, ಆಸಿಡ್ಡಿಗೆ ನೆನಪೈತಿ, ನಿನಗಿಲ್ಲ!" ಎಂದು ಭಾವನಿಗೆ ಮೊಳೆ ತರಲು ಹೇಳಿದಳು.

ಇವತ್ತು ಸ್ಟೌ ಒರೆಸುವಾಗ ಟೈಲ್ಸಿನ ಮೇಲೆ ಟೀ ಸಿಡಿದ ಕಲೆ ಕಾಣಿಸಿತು. ತಲೆ ಓರೆ ಮಾಡಿ ನೋಡಿದೆ, ಏನೂ ಹೊಳೆಯಲಿಲ್ಲ. ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕಾ, ಆ ಆನಿ ಸೊಂಡಿ ಯಾ ಕಡೆ ಇತ್ತು?"

"ಕಿಟಕಿ ಕಡೆ," ಎಂದಳು, ಒಂದು ಕ್ಷಣವೂ ಯೋಚಿಸದೆ.

ಆ ಗೋಡೆಯಲ್ಲಿ ಕಿಟಕಿಯೇ ಇರಲಿಲ್ಲ. ಮಾತು ನಾಲಗೆಯ ತುದಿಗೆ ಬಂದಿತ್ತು. ಒರೆಸುವ ಬಟ್ಟೆ ಕೆಳಗಿಟ್ಟು, ಸ್ಟೂಲು ಎಳೆದುಕೊಂಡು ಕೂತೆ.

"ಕಿಟಕ್ಯಾಗಿಂದ ಏನ ಕಾಣ್ತಿತ್ತು?" ಎಂದು ಕೇಳಿದೆ.